ಮುತ್ಯಾ, ನೀವು ನೋಡಿದ್ದಾ, ಕೇಳಿದ್ದಾ?

ನ್ಯೂಜೆರ್ಸಿಯಲ್ಲಿ ಮೂರನೇ ಕ್ಲಾಸ್ ಓದುವ ನನ್ನ ಮಗಳು ಹೋದ ವಾರ ಬೀದರಿನಲ್ಲಿರುವ ನಮ್ಮಪ್ಪನಿಗೆ ಫೋನಿನಲ್ಲಿ ಕೇಳಿದಳು: "ಮುತ್ಯಾ, ಇದು ನೀವು ಕಣ್ಣಾರೆ ನೋಡಿದ್ದಾ, ಯಾರಾದ್ರೂ ಹೇಳಿದ್ದಾ?"

ನನಗೆ ಗಾಬರಿಯಾಯಿತು. ನಮ್ಮ ಮನೆಯಲ್ಲಿ ಹಿರಿಯರನ್ನು ಯಾರೂ ಹಾಗೆ ಕೇಳಿದವರಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಾವಿ ನಾ ನೋಡೀನವ್ವಾ. ಸುರಂಗ ಭಾಳ ದೂರ ಹೋಗ್ಯಾದಂತ ನಮ್ಮಪ್ಪ ಹೇಳ್ತಿದ್ದ" ಎಂದರು. ಅವಳು ಎರಡನ್ನೂ ಬೇರೆ ಬೇರೆ ಬರೆದುಕೊಂಡಳು.

ಶಾಲೆಯಲ್ಲಿ ನೀರಿನ ಬಗ್ಗೆ ಸಂಶೋಧನೆ ಮಾಡಿಸುತ್ತಿದ್ದಾರೆ. ಮಗಳು ಆರಿಸಿಕೊಂಡಿದ್ದು ಬೀದರಿನ ಪಕ್ಕದ ನೌಬಾದಿನ ಸುರಂಗ ಬಾವಿ. ಲೈಬ್ರರಿ ಟೀಚರ್ ಮೂರು ಕಾಲಂ ಇರುವ ಹಾಳೆ ಕೊಟ್ಟಿದ್ದಾರೆ: ಏನು ಗೊತ್ತು, ಏನು ತಿಳಿಯಬೇಕು, ಏನು ಕಲಿತೆ. 1986ರಲ್ಲಿ ಡೋನಾ ಓಗಲ್ ಎಂಬ ಶಿಕ್ಷಣ ತಜ್ಞೆ ತಂದ ಪದ್ಧತಿ ಇದು. ಪುಸ್ತಕದ ಕೊನೆಯ ಪದಸೂಚಿ ನೋಡಿ ಪುಟ ಹುಡುಕಬೇಕು. ಓದಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲೇ ಬರೆಯಬೇಕು. ಎಲ್ಲಿ ಸಿಕ್ಕಿತು ಅಂತ ಪಕ್ಕದಲ್ಲಿ ಗುರುತು ಹಾಕಬೇಕು.

ನಡುವಿನ ಕಾಲಂನಲ್ಲಿ ಅವಳು ಬರೆದ ಪ್ರಶ್ನೆ: "ಪಂಪ್ ಇಲ್ಲದೆ ನೀರು ಹೇಗೆ ಬರುತ್ತೆ?" ಉತ್ತರ ಇರಾನಿನ ಕನಾತ್‌ಗಳ, ಅಂದರೆ ನೆಲದಡಿಯ ನೀರಿನ ಸುರಂಗಗಳ ಪುಸ್ತಕದಲ್ಲಿ ಸಿಕ್ಕಿತು. ಸುರಂಗಕ್ಕೆ ಸಣ್ಣ ಇಳಿಜಾರು ಕೊಡುತ್ತಾರೆ, ನೀರು ತಾನೇ ಹರಿಯುತ್ತದೆ. ಗಾಳಿ ಬೆಳಕಿಗೆ ಅಲ್ಲಲ್ಲಿ ಮೇಲಿನಿಂದ ಬಾವಿ ತೋಡುತ್ತಾರೆ. ಬಹಮನಿಗಳ ಕಾಲದಲ್ಲಿ ಆ ವಿದ್ಯೆ ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಇಳಿಯಿತು. ಇದನ್ನು ಓದುವಾಗ ನನಗೆ ಹೆಮ್ಮೆಯಿಂದ ಎದೆ ತುಂಬಿ ಬಂತು.

ನಾವು ಶಾಲೆಯಲ್ಲಿದ್ದಾಗ ಮಹಮೂದ್ ಗವಾನ್ ಮದರಸಾ ನೋಡಲು ಹೋಗಿದ್ದೆವು. "1472ರಲ್ಲಿ ಕಟ್ಟಿದ್ದು, ಬರ್ಕೊಳ್ರಿ" ಎಂದರು ಮಾಸ್ತರು. ಬರೆದುಕೊಂಡೆವು. ಎದುರಿಗೆ ಒಂದೇ ಮಿನಾರು ನಿಂತಿದೆ, ಇನ್ನೊಂದು ಎಲ್ಲಿ ಅಂತ ನಾವ್ಯಾರೂ ಕೇಳಲಿಲ್ಲ. 1696ರಲ್ಲಿ ಮದ್ದು ಸಿಡಿದು ಆ ಭಾಗ ಉರುಳಿತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಈಗಲೂ ಜಾಸ್ತಿ ಬದಲಾಗಿಲ್ಲ. ಅಣ್ಣನ ಮಗ ಬೀದರಿನಲ್ಲಿ ನಾಲ್ಕನೇ ಕ್ಲಾಸು. ಅವನ 'ಕೋಟೆ' ಪ್ರಾಜೆಕ್ಟಿನ ಫೋಟೊಗಳು ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ್ದು, ಅಂಟಿಸಿದ್ದು ಅತ್ತಿಗೆ, ಬರಹ ಇಂಟರ್‌ನೆಟ್ಟಿನದು. ಮಾರ್ಕ್ಸು ಪೂರ್ತಿ. ಕೋಟೆಯಿರುವ ಊರಲ್ಲೇ ಹುಡುಗನಿದ್ದಾನೆ, ಆದರೆ ಅವನ ಒಂದು ಪ್ರಶ್ನೆಯೂ ಆ ಹಾಳೆಗಳಲ್ಲಿಲ್ಲ. ನನಗೆ ತುಂಬಾ ನೋವಾಯಿತು. ಮಾಸ್ತರರಿಗೆ ಪಾಠ ಮುಗಿಸುವ ಅವಸರ, ಕ್ಲಾಸಿನ ತುಂಬ ಮಕ್ಕಳು, ಅದು ನನಗೂ ಗೊತ್ತು. ಆದರೆ ಮೂರು ಕಾಲಂ ಹಾಕಲು ಒಂದು ಹಾಳೆ, ಒಂದು ಪೆನ್ಸಿಲ್ ಸಾಕಲ್ವಾ? ದೊಡ್ಡ ಲೈಬ್ರರಿ ಇಲ್ಲದಿದ್ದರೂ ಮನೆಯಲ್ಲಿ ಮುತ್ಯಾ ಇದ್ದಾರೆ, ಹೊರಗೆ ಇಡೀ ಬೀದರ್ ಇದೆ.

ಮಗಳ ಹಾಳೆಯಲ್ಲಿ ಇನ್ನೊಂದು ಪ್ರಶ್ನೆ ಖಾಲಿ ಉಳಿದಿತ್ತು: ನೌಬಾದಿನಲ್ಲಿ ಈಗ ಎಷ್ಟು ಬಾವಿಗಳ ಬಾಯಿ ತೆರೆದಿವೆ? ಅದನ್ನು ವಿಡಿಯೊ ಕಾಲ್‌ನಲ್ಲಿ ಅಣ್ಣನ ಮಗನಿಗೆ ಓದಿ ಹೇಳಿದಳು. "ಅದು ಪುಸ್ತಕದಾಗ ಸಿಗಲ್ಲ, ನಾ ಎಣಿಸಿ ಹೇಳ್ತೀನಿ" ಅಂದ ಅವನು. ಈ ಭಾನುವಾರ ಮುತ್ಯಾನ ಜೊತೆ ಹೊರಟಿದ್ದಾನೆ.