ನಾಲ್ಕನೇ ಕ್ಲಾಸಿಗೆ ರಾಟೆ, ಸನ್ನೆ ಎಲ್ಲ ಯಾಕೆ ಅನ್ನುವವರಿಗೆ

"ಅಷ್ಟು ಚಿಕ್ಕ ಮಕ್ಕಳಿಗೆ ಬಲ, ಶಕ್ತಿ, ಯಂತ್ರ ಅಂತೆಲ್ಲ ಹೇಳಿದ್ರೆ ಅರ್ಥ ಆಗುತ್ತಾ ಮಿಸ್?" ಮದುವೆ ಮನೆಯಲ್ಲೂ ಇದೇ ಪ್ರಶ್ನೆ, ಬಸ್ಸಿನಲ್ಲೂ ಇದೇ. ಆಗುತ್ತದೆ. ಸೂತ್ರ ಅರ್ಥ ಆಗುವುದಿಲ್ಲ, ಅದನ್ನು ನಾನು ಕೊಡುವುದೂ ಇಲ್ಲ. ಕೈಗೆ ಹಗ್ಗ ಕೊಡುತ್ತೇನೆ.

ನನಗೆ ಸಿಟ್ಟು ಬರುವುದು ಆ "ಅಷ್ಟು ಚಿಕ್ಕ" ಅನ್ನುವ ಮಾತಿಗೆ. ದಿನವಿಡೀ ಗೋಲಿ ಹೊಡೆಯುವ, ಬುಗುರಿ ಬಿಡುವ ಮಗುವಿಗೆ ಚಲನೆ ಅಂದರೆ ಗೊತ್ತಿಲ್ಲ ಅಂತ ಯಾರು ಹೇಳಿದ್ದು?

ಒಂದು ಪೋಷಕರ ಸಭೆಯಲ್ಲಿ ಒಬ್ಬರು ತಂದೆ ಎದ್ದು ನಿಂತರು. "ಬಾವಿಗೆ ರಾಟೆ ಹಾಕಿದ್ರೆ ಭಾರ ಅರ್ಧ ಆಗುತ್ತೆ. ಎಲ್ಲರಿಗೂ ಗೊತ್ತು. ಇದ್ರಲ್ಲಿ ಕಲಿಸೋದೇನಿದೆ?" ಅಂದರು. ನಾನು ಮಾತಾಡಲಿಲ್ಲ, ಒಬ್ಬ ಹುಡುಗಿಯನ್ನು ಕರೆದೆ. ತೊಲೆಗೆ ರಾಟೆ ಕಟ್ಟಿಯೇ ಇತ್ತು. ಅವಳು 4 ಲೀಟರ್ ನೀರಿನ ಕ್ಯಾನನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎತ್ತಿದಳು. 4 ಕಿಲೋಗಿಂತ ಚೂರು ಜಾಸ್ತಿ. ಆಮೇಲೆ ರಾಟೆಯ ಮೇಲೆ ಹಗ್ಗ ಹಾಕಿ, ತಕ್ಕಡಿ ಹಿಡಿದು ನಿಧಾನಕ್ಕೆ ಎಳೆದಳು. ಮುಳ್ಳು ಇನ್ನೂ ಮುಂದೆ ಹೋಯಿತು!

"ತಕ್ಕಡಿ ಕೆಟ್ಟಿದೆ" ಅಂದರು ಅವರು.

"ಇಲ್ಲ ಅಂಕಲ್, ರಾಟೆ ಉಜ್ಜುತ್ತಲ್ಲ, ಅದಕ್ಕೆ."

ಮೇಲೆ ಬಿಗಿದ ಒಂಟಿ ರಾಟೆ ಭಾರ ಇಳಿಸುವುದಿಲ್ಲ. ಎಳೆಯುವ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಬಗ್ಗಿ ಮೇಲೆತ್ತುವ ಬದಲು ಮೈಭಾರ ಹಾಕಿ ಕೆಳಕ್ಕೆ ಎಳೆಯುತ್ತೇವೆ, ಅದಕ್ಕೇ ಸಲೀಸು ಅನ್ನಿಸುತ್ತದೆ. ಭಾರ ಅರ್ಧ ಆಗಬೇಕಾದರೆ ರಾಟೆಯೂ ಕ್ಯಾನಿನ ಜೊತೆ ಮೇಲೇರಬೇಕು. ಹುಡುಗಿ ಹಗ್ಗದ ಒಂದು ತುದಿಯನ್ನು ತೊಲೆಗೆ ಕಟ್ಟಿ, ಕ್ಯಾನನ್ನು ರಾಟೆಗೇ ನೇತುಹಾಕಿ ಅದನ್ನೂ ತೋರಿಸಿದಳು. ಮುಳ್ಳು 2 ಕಿಲೋ ದಾಟಿ ಸ್ವಲ್ಪ ಮುಂದೆ ನಿಂತಿತು. ಆ ತಂದೆ ಶರ್ಟಿನ ತೋಳು ಮಡಚಿ ತಾವೇ ಬಂದು ಎಳೆದರು. ಆಮೇಲೆ ಬೇರೆ ಅಪ್ಪಂದಿರೂ ಸಾಲಲ್ಲಿ ನಿಂತರು. ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ.

ಅರ್ಥ ಆಗುತ್ತಾ ಅಂತ ಕೇಳುವ ಬದಲು ನನ್ನನ್ನು ಇದನ್ನು ಕೇಳಿ: "ಅರ್ಧ ಬಲ ಉಳಿಸಿಕೊಟ್ಟ ಯಂತ್ರ ಅದಕ್ಕೆ ಬದಲಾಗಿ ಏನು ತಗೊಳ್ಳುತ್ತೆ?" ಇದಕ್ಕಾದರೆ ಸಂಜೆವರೆಗೂ ಕೂತು ಉತ್ತರ ಹೇಳುತ್ತೇನೆ. ಕ್ಯಾನ್ 1 ಮೀಟರ್ ಮೇಲೇರಲು ಆ ಹುಡುಗಿ 2 ಮೀಟರ್ ಹಗ್ಗ ಎಳೆದಿದ್ದಳು. ಲಾರಿಗೆ ಹಲಗೆ ಆನಿಸಿ ಡ್ರಮ್ ಉರುಳಿಸಿ ಹತ್ತಿಸುವಾಗಲೂ ಅಷ್ಟೇ, ಬಲ ಕಮ್ಮಿ, ದಾರಿ ಉದ್ದ. ಅಡಿಕೆ ಕತ್ತರಿಯ ಹಿಡಿ ಎಷ್ಟು ಅಗಲಕ್ಕೆ ತೆರೆದು ಮುಚ್ಚುತ್ತದೆ, ಅಡಿಕೆ ಇರುವ ಜಾಗದಲ್ಲಿ ಅಲಗು ಎಷ್ಟು ಸರಿಯುತ್ತದೆ, ಇವತ್ತೇ ನೋಡಿ. ಯಾವ ಯಂತ್ರವೂ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಈ ಮಾತನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ, ಮಕ್ಕಳು ಹಗ್ಗ ಅಳೆದು ಹೇಳುವವರೆಗೂ ಕಾಯುತ್ತೇನೆ.

ಮರುದಿನ ಹಿಂದಿನ ಬೆಂಚಿನ ಹುಡುಗ ಕೇಳಿದ: "ಮಿಸ್, ಏರು ಹತ್ತುವಾಗ ಗೇರ್ ಸೈಕಲ್ ಜಾಸ್ತಿ ಸಲ ತುಳೀಬೇಕಲ್ಲ, ಅದೂ ಇದೇನಾ?" ಹೌದು ಕಣೋ, ಅದೂ ಇದೇ.