ಮೂರ್ನಾಡಿನಾಚೆ ಸಿಕ್ಕ ಪ್ಲೇಟುಗಳು

ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಮೂರನೆಯ ಶನಿವಾರ ಅಮೆರಿಕ, ಇಂಗ್ಲೆಂಡುಗಳ ಸ್ವತಂತ್ರ ರೆಕಾರ್ಡ್ ಅಂಗಡಿಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಲ್ಲುತ್ತಾರೆ. 2008ರಲ್ಲಿ ಆರಂಭವಾದ ‘ರೆಕಾರ್ಡ್ ಸ್ಟೋರ್ ಡೇ’ಗೆಂದೇ ಎಣಿಸಿ ಅಚ್ಚೊತ್ತಿದ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ರೆಕಾರ್ಡುಗಳು ಅಂದು ಆ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕೊಡಗಿನಲ್ಲಿ ಅಂಥ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೂ ಹೋದ ವರ್ಷ ಅದೇ ವಾರ ಮೈಸೂರಿನಿಂದ ಮಡಿಕೇರಿಯ ಬಸ್ ಹತ್ತಿದೆ.

ಅದಕ್ಕೆ ಕಾರಣವಿತ್ತು. ಅರಗಿನಿಂದ ಮಾಡುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳನ್ನು, ಅಂದರೆ ಪ್ಲೇಟುಗಳನ್ನು, 1960ರ ಹೊತ್ತಿಗೆ ಇಂಗ್ಲೆಂಡ್ ಬಹುಮಟ್ಟಿಗೆ ಕೈಬಿಟ್ಟಿತ್ತು. ನಮ್ಮಲ್ಲಿ ಕರೆಂಟಿಲ್ಲದ ಮನೆಗಳು ಹೆಚ್ಚಾಗಿದ್ದು, ಚಾವಿ ಕೊಟ್ಟು ನುಡಿಸುವ ಗ್ರಾಮಫೋನುಗಳು ಇನ್ನೂ ಬಳಕೆಯಲ್ಲಿದ್ದುದರಿಂದ, ಕಲ್ಕತ್ತೆಯ ಡಂಡಂ ಕಾರ್ಖಾನೆ ಆ ದಶಕದಲ್ಲೂ ಅವನ್ನು ಅಚ್ಚೊತ್ತುತ್ತಲೇ ಇತ್ತು. ಹೀಗಾಗಿ ಬೀಟಲ್ಸ್ ತಂಡದ ಹಾಡುಗಳು ಕೂಡ ಭಾರತದಲ್ಲಿ 78ರ ಪ್ಲೇಟುಗಳಾಗಿ ಬಂದವು, ಇಂದು ಜಗತ್ತಿನ ಸಂಗ್ರಾಹಕರು ಅವುಗಳನ್ನು ಹುಡುಕಿ ಅಲೆಯುತ್ತಾರೆ. ಇಂಗ್ಲಿಷ್ ಹಾಡು ಕೇಳುವ ರೂಢಿಯಿದ್ದ ಕಾಫಿ ತೋಟದ ಮನೆಗಳಲ್ಲಿ ಒಂದಾದರೂ ಉಳಿದಿರಬಹುದೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು.

ಮಡಿಕೇರಿಯಲ್ಲಿ ಶುಕ್ರವಾರದ ಸಂತೆ ಮುಗಿಸಿ ಒಂದು ಗುಜರಿ ಅಂಗಡಿಗೆ ಹೋದೆ. ಹಳೆಯ ಪಂಪ್‌ಸೆಟ್ಟಿನ ಪಕ್ಕದಲ್ಲಿ ಹೆಚ್ಚು ಹೊತ್ತು ನುಡಿಯುವ ವಿನೈಲ್ ರೆಕಾರ್ಡುಗಳಾದ ಐವತ್ತು ಅರವತ್ತು ಎಲ್‌ಪಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಹಾಗೆ ಮಲಗಿಸಿಟ್ಟರೆ ಅಡಿಯಲ್ಲಿರುವುವು ಬಾಗುತ್ತವೆ, ಅವನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಕೊಡಗಿನ ಮಳೆಗಾಲದ ತೇವಕ್ಕೆ ಮೊದಲು ಬಲಿಯಾಗುವುದು ಕಾಗದದ ಕವರು. ಅದು ಬೂಷ್ಟು ಹಿಡಿದು, ಬಿಸಿಲು ಕಂಡಾಗ ಒಣಗಿ, ಮತ್ತೆ ನೆನೆದು, ಕೊನೆಗೆ ರೆಕಾರ್ಡಿಗೇ ಅಂಟಿಕೊಳ್ಳುತ್ತದೆ. ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟು, ಲೇಬಲ್ ಮತ್ತು ಹಾಡಿನ ಗೆರೆಗಳ ನಡುವಿನ ನುಣುಪಾದ ಜಾಗದಲ್ಲಿ ಕೊರೆದಿರುವ ಅಂಕಿಗಳನ್ನು ಒಂದೊಂದಾಗಿ ಓದಿದೆ. ಮೊದಲ ಅಚ್ಚೋ ಅನಂತರದ್ದೋ ಎಂಬುದನ್ನು ಕವರಿಗಿಂತ ಆ ಅಂಕಿಗಳೇ ಖಚಿತವಾಗಿ ತಿಳಿಸುತ್ತವೆ. ಎರಡು ಎಲ್‌ಪಿ ಕೊಂಡೆ. ಹಿತ್ತಾಳೆ ಕೊಂಬಿನ ಗ್ರಾಮಫೋನೊಂದನ್ನೂ ತೋರಿಸಿದರು, ಆದರೆ ಕೊಂಬೂ ಪೆಟ್ಟಿಗೆಯೂ ಹೊಸದಾಗಿ ಜೋಡಿಸಿದವಾಗಿದ್ದರಿಂದ ಬೇಡವೆಂದೆ.

“ಪ್ಲೇಟು ಬೇಕಂದ್ರೆ ವಿರಾಜಪೇಟೆ ಕಡೆ ಒಂದು ಮನೆ ಉಂಟು ಸಾರ್, ಅವರು ಗುಜರಿಗೆ ಹಾಕಲ್ಲ,” ಎಂದ ಅಂಗಡಿಯವರು ತಾವೇ ಫೋನ್ ಮಾಡಿ ಆ ಮನೆಯವರ ಒಪ್ಪಿಗೆ ಪಡೆದರು.

ಮರುದಿನ ಮೂರ್ನಾಡು ದಾಟಿ, ಬೇತ್ರಿಯಲ್ಲಿ ಕಾವೇರಿಯ ಸೇತುವೆ ಕಳೆದು ಸ್ವಲ್ಪ ಮುಂದೆ ಬಸ್ಸಿಳಿದೆ. ಹಿಂದಿನ ವಾರವಷ್ಟೇ ಹೂಮಳೆ ಬಿದ್ದಿತ್ತು, ತೋಟದ ದಾರಿಯುದ್ದಕ್ಕೂ ಕಾಫಿ ಹೂವಿನ ಘಮವಿತ್ತು. ಮನೆಯಲ್ಲಿದ್ದವರು ಎಂಬತ್ತು ದಾಟಿದ ಒಬ್ಬ ತಾಯಿ. ಕಾಫಿ ಕೊಟ್ಟು, ಅಡುಗೆಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿ ತರಿಸಿದರು. ಒಲೆಯ ಹೊಗೆಗೆ ಮಸಿ ಹಿಡಿದಿತ್ತಾದರೂ ಅದೇ ಬಿಸಿ ಅದನ್ನು ತೇವದಿಂದ ಕಾಪಾಡಿತ್ತು. ಒಳಗೆ ಡಾನ್ಸ್ ಬ್ಯಾಂಡಿನ ಪ್ಲೇಟುಗಳು, ಕನ್ನಡ ನಾಟಕದ ಪದಗಳು, ತಳದಲ್ಲಿ ಪಾರ್ಲೊಫೋನ್ ಎಂಬ ಇಂಗ್ಲಿಷ್ ರೆಕಾರ್ಡ್ ಸಂಸ್ಥೆಯ ಲೇಬಲ್ಲಿನ ಒಂದು ಪ್ಲೇಟು. ಲೇಬಲ್ಲಿನಲ್ಲಿ ಬೀಟಲ್ಸ್ ಎಂಬ ಹೆಸರನ್ನು ಎರಡು ಸಲ ಓದಿದೆ.

“ಅದು ನಮ್ಮ ಭಾವ ಮದ್ರಾಸಿಂದ ತಂದದ್ದು. ಮಕ್ಕಳು ಬೀಳಿಸಿದ್ರು, ನೋಡಿ,” ಎಂದು ಅಂಚಿನಿಂದ ಒಳಕ್ಕೆ ಹೋಗಿದ್ದ ಕೂದಲೆಳೆಯಷ್ಟು ಬಿರುಕನ್ನು ಬೆರಳಿನಿಂದ ತೋರಿಸಿದರು. ಅದರ ಧೂಳನ್ನು ಒಣ ಬ್ರಷ್ಷಿನಿಂದ ಮಾತ್ರ ತೆಗೆದೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆಂಬುದು ತಿಳಿಯದೆ, ಎಲ್‌ಪಿ ಒರೆಸುವ ದ್ರಾವಣದಿಂದಲೇ ಹಿಂದೊಮ್ಮೆ ಅಪರೂಪದ ಪ್ಲೇಟೊಂದನ್ನು ಹಾಳುಮಾಡಿದ ನೋವು ನನಗೆ ಇನ್ನೂ ಇದೆ. ಜೊತೆಗೆ ಒಯ್ದಿದ್ದ ಬ್ಯಾಟರಿ ಪ್ಲೇಯರಿಗೆ 78ರ ದಪ್ಪ ಮುಳ್ಳನ್ನು ಜೋಡಿಸಿ ನುಡಿಸಿದೆವು. ಪ್ರತಿ ಸುತ್ತಿಗೂ ಬಿರುಕಿನ ಮೇಲೆ ಟಕ್ ಎಂದು ಸದ್ದಾಗುತ್ತಿತ್ತು, ಪ್ಲೇಟಿನ ಅರ್ಧದ ನಂತರ ಆ ಸದ್ದು ನಿಂತು ಹಾಡು ಸ್ಪಷ್ಟವಾಯಿತು. ಆ ತಾಯಿ ಕೊನೆಯವರೆಗೂ ಕಾಫಿ ಲೋಟವನ್ನು ಕೆಳಗಿಡಲಿಲ್ಲ.

“ನೀವು ತಗೊಂಡು ಹೋಗಿ, ಇಲ್ಲಿ ಯಾರೂ ಕೇಳುವವರಿಲ್ಲ,” ಎಂದರು. ಅಂಥ ಪ್ಲೇಟು ಹೊರದೇಶದಲ್ಲಿ ಎಷ್ಟು ಬೆಲೆ ಬಾಳುತ್ತದೆ, ಬಿರುಕಿನಿಂದ ಎಷ್ಟು ಕಡಿಮೆಯಾಗುತ್ತದೆ ಎಂಬ ಎರಡನ್ನೂ ಮೊದಲು ವಿವರಿಸಿದೆ. ಅಂಗಡಿಯಲ್ಲಿ ಬೆಲೆಯ ಚೀಟಿ ಇರುತ್ತದೆ. ಮನೆಯಲ್ಲಿ ಕೊಳ್ಳುವವನು ತಿಳಿದದ್ದನ್ನು ಮುಚ್ಚಿಟ್ಟು ಕೊಂಡರೆ ಅದು ಮೋಸ. ಅವರು ಫೋನಿನಲ್ಲಿ ಮಗಳನ್ನು ಕೇಳಿ ಒಂದು ಮೊತ್ತ ಹೇಳಿದರು, ಚೌಕಾಸಿ ಮಾಡದೆ ಕೊಟ್ಟೆ. ನಾಟಕದ ಪದಗಳ ಪ್ಲೇಟುಗಳನ್ನು ಅವರು ಕೊಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವು ಬಾಗದಂತೆ ನೆಟ್ಟಗೆ ನಿಲ್ಲಿಸಿಡಲು ರಟ್ಟಿನ ಅಡ್ಡಗಳನ್ನು ಮಾಡಿಕೊಟ್ಟೆ.

ಹಿಂದಿರುಗುವಾಗ ಪ್ಲೇಟನ್ನು ಎರಡು ರಟ್ಟುಗಳ ನಡುವೆ ಇಟ್ಟು, ಟವೆಲಿನಲ್ಲಿ ಸುತ್ತಿ, ಕುಶಾಲನಗರ ದಾಟಿ ಮೈಸೂರು ತಲುಪುವವರೆಗೂ ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡೇ ಕುಳಿತಿದ್ದೆ.