ಬೋರಲು ಬಿದ್ದ ಕರಟ, ಪಕ್ಕದಲ್ಲಿ ಬ್ರೋಮೊ

ಬೆಳಗಿನ ಜಾವ ಮೂರು ಗಂಟೆಗೆ ಯಾರೋ ಬಾಗಿಲು ಬಡಿದರು. ಬ್ರೋಮೊ ಜ್ವಾಲಾಮುಖಿ ತೋರಿಸಲು ಜೀಪಿನವನು ಬಂದಿದ್ದ. ಇಂಡೋನೇಷ್ಯಾ ಅಂದರೆ ಸೆಕೆ, ಬೆವರು ಅಂದುಕೊಂಡು ನಾನು ಒಂದೇ ಒಂದು ತೆಳು ಜಾಕೆಟ್ ತಂದಿದ್ದೆ. ಪೂರ್ವ ಜಾವಾದ ಚೆಮೊರೊ ಲಾವಾಂಗ್ ಹಳ್ಳಿ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಜುಲೈ ಇಲ್ಲಿ ಮಳೆಯಿಲ್ಲದ ಕಾಲ. ಕೆಲವು ರಾತ್ರಿ ಹುಲ್ಲಿನ ಮೇಲಿನ ಇಬ್ಬನಿಯೇ ಹೆಪ್ಪುಗಟ್ಟುತ್ತದಂತೆ. ನನ್ನ ಹಲ್ಲು ಕಟಕಟ ಅನ್ನುವುದನ್ನು ಕೇಳಿ ಆತ ಸೀಟಿನ ಹಿಂದಿನಿಂದ ಲುಂಗಿಯಂಥ ಒಂದು ಸರೋಂಗ್ ತೆಗೆದುಕೊಟ್ಟ. ಅದನ್ನು ಸೊಂಟಕ್ಕಲ್ಲ, ಹೆಗಲಿಗೆ ಸುತ್ತಿಕೊಳ್ಳಬೇಕು. ಇಲ್ಲಿನ ತೆಂಗರ್ ಜನ ಹಾಗೇ ಹೊದ್ದುಕೊಂಡು ಓಡಾಡುತ್ತಾರೆ.

ಜೀಪು ಅಂದೆನಲ್ಲ, ಅದು ಹಳೇ ಲ್ಯಾಂಡ್ ಕ್ರೂಸರ್. ಇಲ್ಲಿ ಎಲ್ಲರ ಬಾಯಲ್ಲೂ ಅದು 'ಹಾರ್ಡ್‌ಟಾಪ್'. ಅಂಥ ನೂರಾರು ಗಾಡಿಗಳು ಒಂದರ ಹಿಂದೆ ಒಂದು ಪೆನಂಜಾಕನ್ ಗುಡ್ಡ ಹತ್ತುತ್ತಿದ್ದವು. ಎಲ್ಲರಿಗೂ ಅದೇ ಸೂರ್ಯೋದಯ ಬೇಕು. ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಂದು ಗಂಟೆ ಬೇರೆಯವರ ಮೊಬೈಲುಗಳ ಬೆಳಕನ್ನೇ ನೋಡುತ್ತಾ ನಿಂತೆ. ಆಮೇಲೆ ಮಂಜು ಬಂತು. ಸೂರ್ಯ ಹುಟ್ಟಿದ್ದು ಗೊತ್ತಾಗಿದ್ದು ಮಂಜಿನ ಬಣ್ಣ ಬದಲಾದಾಗ, ಅಷ್ಟೆ. ಬೇಸರವಾಗಿ ಅರ್ಧ ಜನ ಇಳಿದುಹೋದರು. ನಾನೂ ಹೊರಟಿದ್ದೆ. ಅಷ್ಟರಲ್ಲಿ ಒಂದು ಗಾಳಿ ಬೀಸಿ, ಐದೇ ನಿಮಿಷ ಎಲ್ಲ ಬಿಚ್ಚಿಕೊಂಡಿತು. ಕೆಳಗೆ ಬೂದು ಬಣ್ಣದ ಬಯಲು. ಅದರ ನಡುವೆ ಹಸಿರು ಗೆರೆಗಳಿದ್ದ ಬಾಟೋಕ್ ಬೆಟ್ಟ. ಪಕ್ಕದಲ್ಲಿ ತಲೆ ಹಾರಿಹೋದ ಬ್ರೋಮೊ, ಅದರ ಬಾಯಿಂದ ಬಿಳಿ ಹೊಗೆ. ದೂರದಲ್ಲಿ, ಎಲ್ಲರ ಹಿಂದೆ, ಜಾವಾದ ಅತಿ ಎತ್ತರದ ಬೆಟ್ಟ ಸೆಮೆರು. 3,676 ಮೀಟರ್.

ಮೊದಲ ನೋಟಕ್ಕೆ ಎಲ್ಲರೂ ಬಾಟೋಕನ್ನೇ ಬ್ರೋಮೊ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ. ಬೆಟ್ಟ ಅಂದರೆ ಹೀಗಿರಬೇಕು ಅನ್ನಿಸುವ ಆಕಾರ ಅದರದ್ದು. ಬ್ರೋಮೊ ನೋಡಲು ಏನೂ ಚಂದವಿಲ್ಲ. ಎತ್ತರ 2,329 ಮೀಟರ್, ಒಡೆದ ಮಡಕೆಯ ಹಾಗೆ ಇದೆ. ಆದರೆ ಜೀವ ಇರುವುದು ಅದಕ್ಕೇ.

ಆ ಬಯಲಿನ ಹೆಸರು ಮರಳ ಸಮುದ್ರ. ಸುಮಾರು 10 ಕಿಲೋಮೀಟರ್ ಅಗಲ. ಹಿಂದೆ ಇಲ್ಲೊಂದು ಭಾರಿ ಜ್ವಾಲಾಮುಖಿ ಇತ್ತು. ಅದು ಸಿಡಿದು, ಒಳಗಿನ ಶಿಲಾರಸ ಖಾಲಿಯಾಗಿ, ಮೇಲಿನ ನೆಲ ಕುಸಿದು ಈ ಬಟ್ಟಲು ಆಯಿತು. ಬ್ರೋಮೊ, ಬಾಟೋಕ್ ಎಲ್ಲ ಆಮೇಲೆ ಅದರೊಳಗೆ ಹುಟ್ಟಿದ ಮರಿಗಳು. ಜಾವಾದ ದಕ್ಷಿಣಕ್ಕೆ ಸಮುದ್ರದ ತಳವೇ ದ್ವೀಪದ ಅಡಿಗೆ ನುಗ್ಗುತ್ತಿದೆ. ಅದರ ಜೊತೆ ನೀರೂ ಆಳಕ್ಕೆ ಹೋಗುತ್ತದೆ. ನೀರು ಸೇರಿದರೆ ಅಲ್ಲಿನ ಬಂಡೆ ಬೇಗ ಕರಗುತ್ತದೆ. ಕರಗಿದ್ದು ಮೇಲೇರುತ್ತದೆ.

ಚಾಲಕನ ಲೆಕ್ಕ ಬೇರೆ. ಅವನಿಗೆ ಬರುತ್ತಿದ್ದ ಹರುಕು ಇಂಗ್ಲಿಷಿನಲ್ಲಿ, ಗಾಡಿ ಓಡಿಸುತ್ತಲೇ ಹೇಳಿದ. ರೋರೊ ಆಂತೆಂಗ್ ಅಂತ ಒಬ್ಬ ರಾಜಕುಮಾರಿ. ರಾಕ್ಷಸನೊಬ್ಬ ಮದುವೆಯಾಗು ಅಂತ ಗಂಟುಬಿದ್ದ. ಒಂದೇ ರಾತ್ರಿಯಲ್ಲಿ ಬೆಟ್ಟದ ಮೇಲೆ ಸಮುದ್ರ ಮಾಡಿಕೊಡು ಅಂದಳು ಅವಳು. ಅವನು ತೆಂಗಿನ ಕರಟ ಹಿಡಿದು ಅಗೆಯಲು ಶುರುಮಾಡಿದ. ಕೆಲಸ ಮುಗಿಯುವ ಹಾಗೆ ಕಂಡಿತು. ಅವಳು ಹೆದರಿ ಊರವರನ್ನೆಬ್ಬಿಸಿ ಭತ್ತ ಕುಟ್ಟಿಸಿದಳು. ಬೆಳಗಾಯಿತು ಅಂದುಕೊಂಡು ಕೋಳಿಗಳು ಕೂಗಿಬಿಟ್ಟವು. ಸೋತ ರಾಕ್ಷಸ ಸಿಟ್ಟಿನಿಂದ ಕರಟ ಬಿಸಾಡಿ ಹೋದ. ಬೋರಲಾಗಿ ಬಿದ್ದ ಆ ಕರಟವೇ ಬಾಟೋಕ್. ಅವರ ಭಾಷೆಯಲ್ಲಿ ಆ ಪದದ ಅರ್ಥವೇ ಕರಟ. ಆಮೇಲೆ ಬೆಟ್ಟವನ್ನು ನೋಡಿದೆ. ಹೌದಲ್ವಾ!

ಗಾಡಿಗಳು ಮರಳಿನಲ್ಲೇ ನಿಲ್ಲುತ್ತವೆ. ಮುಂದಕ್ಕೆ ಕುದುರೆ, ಇಲ್ಲವೇ ಕಾಲು. ದಾರಿಯಲ್ಲಿ ಕಪ್ಪು ಕಲ್ಲಿನ ಪುರಾ ಲುಹುರ್ ಪೊತೆನ್ ದೇವಸ್ಥಾನ. ತೆಂಗರ್ ಜನ ಹಿಂದೂಗಳು. ಜಾವಾದ ಹಳೇ ಹಿಂದೂ ರಾಜ್ಯ ಮಜಾಪಹಿತ್ ಬಿದ್ದಾಗ ಬೆಟ್ಟ ಹತ್ತಿದವರ ಮಕ್ಕಳು ನಾವು ಅನ್ನುತ್ತಾರೆ. ಬ್ರೋಮೊ ಅನ್ನುವುದು ಬ್ರಹ್ಮ ಅನ್ನುವುದರ ಜಾವಾ ಉಚ್ಚಾರ. ಬ್ರಹ್ಮನಿಗೆ ನಮ್ಮಲ್ಲಿ ಗುಡಿಗಳೇ ಅಪರೂಪ. ಇಲ್ಲಿ ಬೆಟ್ಟಕ್ಕೇ ಅವನ ಹೆಸರು.

ಕೊನೆಗೆ ಸುಮಾರು 250 ಮೆಟ್ಟಿಲು. ಗಂಧಕದ ಹೊಗೆ ಗಂಟಲು ಕಚ್ಚುತ್ತದೆ. ಮೇಲೆ ಅಂಚಿನಲ್ಲಿ ಪುಟ್ಟ ಗಣೇಶ ಕೂತಿದ್ದಾನೆ, ಬೂದಿ ಮೆತ್ತಿಕೊಂಡು. ಬಗ್ಗಿ ಒಳಗೆ ನೋಡಿದೆ. ಕೆಂಪು ಲಾವಾ ಕಾಣುತ್ತದೆ ಅಂದುಕೊಂಡು ಬಂದವರಿಗೆ ನಿರಾಸೆ ಖಂಡಿತ. ಹೊಗೆ ಮಾತ್ರ. ಆದರೆ ಸದ್ದು! ಅದನ್ನು ಯಾವ ಫೋಟೋದಲ್ಲೂ ನೋಡಿರಲಿಲ್ಲ. ನಿಲ್ಲದ ಮೊರೆತ. ಕಿವಿಗಿಂತ ಜಾಸ್ತಿ ಎದೆಗೆ ಕೇಳಿಸುತ್ತದೆ. 2004ರ ಜೂನ್‌ನಲ್ಲಿ ಇದು ದಿಢೀರನೆ ಸಿಡಿದಾಗ ಕಲ್ಲು ಬಡಿದು ಇಬ್ಬರು ಸತ್ತಿದ್ದರು. ನೆನಪಾಗಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ.

ಕಥೆಯ ಉಳಿದ ಭಾಗ ಚಾಲಕ ಇಲ್ಲಿ ಹೇಳಿದ. ರೋರೊ ಆಂತೆಂಗ್ ಆಮೇಲೆ ಜೊಕೊ ಸೆಗೆರ್ ಎಂಬುವನನ್ನು ಮದುವೆಯಾದಳು. ಅವಳ ಹೆಸರಿನ 'ತೆಂಗ್', ಅವನ ಹೆಸರಿನ 'ಗೆರ್' ಸೇರಿ ತೆಂಗರ್. ಮಕ್ಕಳಾಗದೆ ಬೆಟ್ಟಕ್ಕೆ ಹರಕೆ ಹೊತ್ತರು. 25 ಮಕ್ಕಳಾದರು. ಕೊನೆಯ ಮಗು ಕುಸುಮನನ್ನು ಕೊಡಬೇಕಿತ್ತು. ಕೊಡಲು ಮನಸ್ಸಾಗದೆ ಬಚ್ಚಿಟ್ಟರು. ಬೆಟ್ಟ ಸುಮ್ನೆ ಬಿಡಲಿಲ್ಲ, ಬೆಂಕಿ ಉಗುಳಿ ಎಳೆದುಕೊಂಡಿತು. ವರ್ಷಕ್ಕೊಮ್ಮೆ ಬೆಳೆದದ್ದನ್ನು ತಂದು ಕೊಡಿ ಅಂತ ಹುಡುಗನ ದನಿ ಒಳಗಿಂದ ಕೇಳಿತಂತೆ. ಅದಕ್ಕೇ ಅವರ ಕಸಾದ ತಿಂಗಳ ಹುಣ್ಣಿಮೆ ಹೊತ್ತಿಗೆ ಸಾವಿರಾರು ಜನ ಆಲೂಗಡ್ಡೆ, ಎಲೆಕೋಸು, ಕೋಳಿ, ಆಡು, ದುಡ್ಡು ತಂದು ಈ ಬಾಯಿಗೆ ಎಸೆಯುತ್ತಾರೆ.

"ಎಲ್ಲ ಒಳಗೆ ಹೋಗುತ್ತಾ?" ಅಂತ ಕೇಳಿದೆ.

ಅವನು ನಕ್ಕ. ಒಳಗಿನ ಇಳಿಜಾರಿನಲ್ಲಿ ಉದ್ದ ಕೋಲಿಗೆ ಬಲೆ ಕಟ್ಟಿಕೊಂಡು ಬೇರೆ ಜನ ನಿಂತಿರುತ್ತಾರಂತೆ. ಮೇಲಿಂದ ಬಿದ್ದದ್ದನ್ನು ಗಾಳಿಯಲ್ಲೇ ಹಿಡಿಯುತ್ತಾರೆ. ಕೋಳಿಯನ್ನೂ! ಎಸೆದವರಿಗೆ ಬೇಸರವಾಗೋದಿಲ್ವಾ ಅಂದೆ. "ಯಾಕೆ? ನಾವು ಕೊಟ್ಟಾಯ್ತಲ್ಲ." 2010ರ ಕೊನೆಯಲ್ಲಿ ಬ್ರೋಮೊ ಸಿಡಿದು ತಿಂಗಳುಗಟ್ಟಲೆ ಬೂದಿ ಸುರಿದಾಗ ಇವನ ಆಲೂಗಡ್ಡೆ ಹೊಲ ಪೂರ್ತಿ ಮುಚ್ಚಿಹೋಗಿತ್ತು. ಈಗ ಅದೇ ಬೂದಿ ಬೆರೆತ ಮಣ್ಣಿನಲ್ಲಿ ಫಸಲು ಚೆನ್ನಾಗಿದೆ ಅಂದ. ದೂರಿನ ದನಿಯೂ ಅಲ್ಲ, ಹೊಗಳಿಕೆಯೂ ಅಲ್ಲ. ಮನೆಯ ಹಿರಿಯರ ಬಗ್ಗೆ ಮಾತಾಡುವ ಹಾಗಿತ್ತು.

ಮೆಟ್ಟಿಲ ಕೆಳಗೆ ಒಬ್ಬ ಅಜ್ಜಿಯ ಹತ್ತಿರ ಒಣ ಹೂವಿನ ಗೊಂಚಲು ಕೊಂಡಿದ್ದೆ. ಜಾವಾದ ಎಡೆಲ್‌ವೈಸ್ ಅದು. ತೆಂಗರ್ ಜನ 'ತನ ಲಾಯು' ಅನ್ನುತ್ತಾರೆ, ಬಾಡದ್ದು ಅಂತ. ಎಸೆಯಬೇಕೋ ಮನೆಗೆ ಒಯ್ಯಬೇಕೋ ಅಂತ ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಎಸೆದೆ. ನನ್ನ ಕೈಯ ಬಲ ಅಷ್ಟಕ್ಕಷ್ಟೇ. ಇಪ್ಪತ್ತಡಿ ಕೆಳಗೆ ಮರಳಿನ ಇಳಿಜಾರಿನಲ್ಲೇ ಅದು ಸಿಕ್ಕಿಕೊಂಡಿತು.

ಚಾಲಕ ಬಗ್ಗಿ ನೋಡಿದ. "ಕಸಾದದಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಹಿಡಿದು, ಮತ್ತೆ ನಿಮಗೇ ಮಾರುತ್ತಿದ್ದರು" ಅಂದ.